ಒಂದೇ ಬಸ್ಸಿನ ಹುಡುಗಿಯರು

ಸ್ನೇಹಾ, ವಿನಾಯಕ,

ಮೊನ್ನೆ ಊಟಕ್ಕೆ ಕೂತಾಗ ಸ್ನೇಹಾ ಒಂದು ಮಾತು ಹೇಳಿದಳು. ಬಬಲೇಶ್ವರದ ಕಡೆಯ ಒಂದು ಕಾಲೇಜಿಗೆ ಅವಳು ಅತಿಥಿ ಉಪನ್ಯಾಸಕಿಯಾಗಿ ಹೋಗತೊಡಗಿ ಇನ್ನೂ ತಿಂಗಳಾಗಿರಲಿಲ್ಲ. "ಆಯಿ, ನಮ್ಮ ಕಾಲೇಜಿನ್ಯಾಗ ಹುಡುಗೂರ ಹುಡುಗೂರಿಗೆ ಹೇಳಿಕೊಡೂ ಸೆಂಟರ್ ತಗದಾರ. ನನ್ನ ಕ್ಲಾಸಿನ ದಡ್ಡ ಹುಡುಗೂರ ಲಿಸ್ಟ್ ಮಾಡಿ ಅಲ್ಲಿಗೆ ಕಳಿಸಿಬಿಟ್ಟೆ. ನನಗ ಹಗುರಾತು" ಎಂದಳು. ವಿನಾಯಕ ನಕ್ಕ. ಎದುರಿಗೆ ಕೂತು ಹೇಳುವುದು ನನಗೆ ಎಂದೂ ಬಂದಿಲ್ಲ, ನಿಮ್ಮ ಮುಂದೆಯೂ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ವಿನಾಯಕನೂ ನಾಳೆ ಇದೇ ಕೆಲಸಕ್ಕೆ ಸೇರುವವನು. ಇಬ್ಬರೂ ಓದಿರಿ.

ನಾನು ತಿಕೋಟಾ ಹತ್ತಿರದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಕಲಿತವಳು. ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮಪ್ಪ ಅಂಬೆಗಾಲಿಡುತ್ತಿದ್ದ. ಆಮೇಲೆ ಓದಿ, ವಿಜಯಪುರದ ಒಂದು ಚಿಕ್ಕ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದೆ. ಹುಡುಗಿಯರೇ ಹೆಚ್ಚಿದ್ದ ಕಾಲೇಜು. ಅದರ ಹೆಸರು ನಿಮಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಪಾಠ ಮಾಡುವಾಗ ನನಗೆ ಧ್ವನಿ ಇರುತ್ತಿತ್ತು. ಸಿಬ್ಬಂದಿ ಸಭೆಯಲ್ಲಿ ಅದು ಎಲ್ಲಿ ಹೋಗುತ್ತಿತ್ತೋ ತಿಳಿಯದು. ಸಹಪಾಠಿ ಕಲಿಕಾ ಕೇಂದ್ರದ ಹೊಣೆ ನನ್ನ ತಲೆಗೆ ಬಂದದ್ದು ಹಾಗೆಯೇ. ಬೇಡ ಎನ್ನಲು ಬಾರದವಳು ಒಬ್ಬಳಿದ್ದರೆ ಇಂಥ ಕೆಲಸಗಳು ಅವಳನ್ನು ಹುಡುಕಿಕೊಂಡು ಬರುತ್ತವೆ.

ಕೇಂದ್ರ ಹುಟ್ಟಿದ್ದು ಬೋರ್ಡಿನಿಂದ. ಮೇಲಿನವರು ಕಾಲೇಜು ನೋಡಲು ಬರುವವರಿದ್ದರು. ಪ್ರಾಂಶುಪಾಲರು ನನ್ನನ್ನು ಕರೆದು, "ಮೇಡಂ, ಮೊದಲ ಬೋರ್ಡ್ ಬರಸ್ರಿ. ಹುಡುಗ್ಯಾರು ಆಮ್ಯಾಲ ಬರ್ತಾರ" ಎಂದರು. ಆಟದ ಸಾಮಾನಿನ ಕೋಣೆಯನ್ನು ಕೊಟ್ಟರು. ಬೆಂಚು ಹಾಕಿದೆವು, ಆದರೆ ಗೋಡೆಯ ಮೇಲಿನ ಲೇಜಿಮುಗಳನ್ನು ಇಡಲು ಬೇರೆ ಜಾಗವಿರಲಿಲ್ಲ. ಕಿಟಕಿಯಿಂದ ಗಾಳಿ ನುಗ್ಗಿದಾಗ ಅವು ಝಲ್ಲೆನ್ನುತ್ತಿದ್ದವು. ಮೂರನೆಯ ವರ್ಷದ ಜಾಣ ಹುಡುಗಿಯರು ಮೊದಲನೆಯ ವರ್ಷದವರ ಪಕ್ಕದಲ್ಲಿ ಕೂತು ತಿಳಿಯದ್ದನ್ನು ತಿಳಿಸಬೇಕು, ಅಷ್ಟೇ ಅಲ್ಲಿಯ ಕೆಲಸ.

ಅರ್ಥಶಾಸ್ತ್ರದ ಪಾಟೀಲ ಸರ್ ಮೊದಲ ವಾರವೇ ಸ್ನೇಹಾ ಮಾಡಿದ್ದನ್ನು ಮಾಡಿದರು. ತರಗತಿಯಲ್ಲಿ ನಿಂತು ಹೆಸರುಗಳನ್ನು ಓದಿದರು. "ಇವರೆಲ್ಲಾ ಇವತ್ತಿನಿಂದ ಲೇಜಿಮ್ ಖೋಲಿಗೆ ಹೋಗಬೇಕು. ಇಲ್ಲಾಂದ್ರ ನನ್ನ ಕ್ಲಾಸಿಗೆ ಬರಬ್ಯಾಡ್ರಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಕೋಣೆಗೆ ದಡ್ಡರ ಖೋಲಿ ಎಂಬ ಹೆಸರು ಬಿದ್ದಿತ್ತು. ಬಾಗಿಲ ಬಳಿ ನಡೆದ ಮಾತು ನನಗೆ ಒಳಗಿನಿಂದ ಕೇಳಿಸಿತು.

"ಯಾಕ ಬೇ, ನೀನೂ ದಡ್ಡರ ಖೋಲಿಗೇನ?"

"ಇಲ್ಲ ಬೇ. ಬಾಲ್ ತಗೊಳ್ಳಾಕ ಬಂದೇನಿ."

"ಎಂದರ ಆಡೀಯೇನ? ಬಾಲ್ ಒಯ್ದು ತಲಿದಿಂಬ ಮಾಡ್ಕೊಂತೀಯೇನ?"

ಬಾಲ್ ಕೇಳಿದ ಹುಡುಗಿ ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದಳು. ಅವಳು ಮತ್ತೆ ಬರಲಿಲ್ಲ. ಪಾಟೀಲ ಸರ್ ಕೆಟ್ಟವರೆಂದು ತಿಳಿಯಬೇಡಿ. ಅವರಂತೆ ಪಾಠ ಮಾಡುವವರು ನಮ್ಮಲ್ಲಿ ಇರಲಿಲ್ಲ. ಯಾವ ವಿದ್ಯಾರ್ಥಿನಿ ಯಾವ ದಿನ ಯಾವ ಪ್ರಶ್ನೆ ಕೇಳಿದಳೆಂಬುದು ಅವರ ನೆನಪಿನಲ್ಲಿ ಉಳಿಯುತ್ತಿತ್ತು. ರೋಗಿಯನ್ನು ದವಾಖಾನೆಗೆ ಕಳಿಸಿದಂತೆ ಹುಡುಗಿಯರನ್ನು ಕಳಿಸಿದರೆ ಸಾಕು ಎಂದು ಅವರು ನಂಬಿದ್ದರು.

ಕೋಣೆಯನ್ನು ಬದುಕಿಸಿದವರು ಇತಿಹಾಸದ ಶಬಾನಾ ಮೇಡಂ. ಇಬ್ರಾಹಿಂಪುರದಿಂದ ನಡೆದು ಬರುತ್ತಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಯಾರನ್ನೂ ಕಳಿಸಲಿಲ್ಲ, ತಾವೇ ಬಂದರು. ತಮ್ಮ ಸಂಶೋಧನೆಯ ಬರಹದ ಹಾಳೆಗಳನ್ನು ಮೂರನೆಯ ವರ್ಷದ ಹುಡುಗಿಯೊಬ್ಬಳ ಮುಂದಿಟ್ಟು, "ಎಲ್ಲಿ ತಿಳಿಯಂಗಿಲ್ಲ ಅಲ್ಲಿ ಗೀರು ಹಾಕು" ಎಂದು ಎಲ್ಲರೆದುರು ಕೂತರು. ಹುಡುಗಿ ಅಂಜಿ ಅಂಜಿ ಗೀರು ಹಾಕಿದಳು. ಮೇಡಂ, "ಅಯ್ಯ, ಇಷ್ಟು ಕಡೆ ಏನ?" ಎಂದು ನಕ್ಕು ತಿದ್ದಿಕೊಂಡರು. ಮರುದಿನದಿಂದ ಆ ಕೋಣೆಗೆ ಹೋಗುವುದು ನಾಚಿಕೆಯ ಮಾತಾಗಲಿಲ್ಲ. ತರಗತಿಗೆ ಬರೆಯಲು ಏನಾದರೂ ಕೊಡುವ ಮೊದಲು ಅವರು ನಮ್ಮ ಹೇಳಿಕೊಡುವ ಹುಡುಗಿಯರಿಗೆ ಪ್ರಶ್ನೆ ತೋರಿಸಿ, ತಮಗೆ ಏನು ಬೇಕು, ಎಲ್ಲಿಯವರೆಗೆ ಸಹಾಯ ಮಾಡಬಹುದು ಎಂದು ಹೇಳಿ ಹೋಗುತ್ತಿದ್ದರು. ಒಂದು ನಿಯಮವನ್ನೂ ಅವರೇ ಮಾಡಿದರು: ಪೆನ್ನು ಕೇಳಲು ಬಂದವಳ ಕೈಯಲ್ಲೇ ಇರಬೇಕು, ಹೇಳಿಕೊಡುವವಳು ಹಿಡಿಯಬಾರದು. ಸ್ನೇಹಾ, ಬೇರೆ ಎಲ್ಲ ಮರೆತರೂ ಶಬಾನಾ ಮೇಡಂ ಮಾಡಿದ್ದನ್ನು ಮಾಡು.

ಆದರೂ ಸಂಜೆ ನಾಲ್ಕರ ನಂತರ ಹಳ್ಳಿಯ ಹುಡುಗಿಯರು ನಿಲ್ಲುತ್ತಿರಲಿಲ್ಲ. ಒಬ್ಬಳೇ ತಡವಾಗಿ ಬಸ್ಸು ಹತ್ತಿದರೆ ಮನೆಯಲ್ಲಿ ಏನೇನೋ ಕೇಳುತ್ತಿದ್ದರು. ಪ್ರಾಂಶುಪಾಲರು ಇದಕ್ಕೆ ಉಪಾಯ ಹುಡುಕಿದರು. "ಒಂದ ಬಸ್ಸಿಗೆ ಹೋಗೋರನ್ನ ಜೋಡಿ ಮಾಡಿಬಿಡ್ರಿ. ತಿಕೋಟಾದಾಕಿಗೆ ತಿಕೋಟಾದಾಕಿ, ಬಬಲೇಶ್ವರದಾಕಿಗೆ ಬಬಲೇಶ್ವರದಾಕಿ. ಇಬ್ಬರೂ ಕೂಡಿ ಹೋಗ್ತಾರ, ತಂದಿ ತಾಯಿನೂ ಸುಮ್ಮನಿರ್ತಾರ." ಎಲ್ಲರಿಗೂ ಒಪ್ಪಿಗೆಯಾಯಿತು. ಕೋಣೆ ತುಂಬಿತು. ಹೊರಗಿನವರು ಬಂದು ನೋಡಿ ಹೊಗಳಿ ಹೋದರು. ಒಂದೇ ಬಸ್ಸೆಂದರೆ ಒಂದೇ ಊರು, ಒಂದೇ ಊರೆಂದರೆ ಹಲವು ಸಲ ಒಂದೇ ಮನೆತನ ಎಂಬುದನ್ನು ಯಾರೂ ವಿಚಾರ ಮಾಡಲಿಲ್ಲ.

ಈಗ ರೇಣುಕಾಳ ಮಾತು.

ರೇಣುಕಾ ಘೋಣಸಗಿಯ ಹುಡುಗಿ, ಕೊನೆಯ ವರ್ಷದವಳು. ಅವಳ ತಂದೆ ತಾಯಿ ಕುರಿ ಹಿಂಡಿನ ಹಿಂದೆ ವರ್ಷದ ಬಹುಪಾಲು ಊರೂರು ತಿರುಗುವವರು. ಅವಳು ಚಿಕ್ಕಂದಿನಿಂದ ಸೋದರಮಾವ ಬೀರಪ್ಪನ ಮನೆಯಲ್ಲಿ ಬೆಳೆದಳು. ಬೀರಪ್ಪನ ಮಗನಿಗೇ ಅವಳನ್ನು ಕೊಡುವುದೆಂದು ಮಾತಾಗಿತ್ತು. ಲಗ್ನ ಅಷ್ಟೊತ್ತಿಗೇ ಆಗಬೇಕಿತ್ತು. ಅದು ನಿಂತದ್ದು ಬೀರಪ್ಪನ ಮಗಳು ಭಾಗ್ಯಶ್ರೀ ಆ ವರ್ಷ ನಮ್ಮ ಕಾಲೇಜಿಗೆ ಸೇರಿದ್ದರಿಂದ. ಮಗಳ ಜೊತೆ ಬಸ್ಸಿನಲ್ಲಿ ಹೋಗಲು ಒಬ್ಬಳು ಬೇಕಿತ್ತು. ಈ ವರ್ಷ ರೇಣುಕಾ ಮಗಳ ಜೊತೆ ಹೋಗಲಿ, ರೇಣುಕಾಳ ಡಿಗ್ರಿ ಮುಗಿದ ಮೇಲೆ ಲಗ್ನ ಎಂದು ಮಾವ ಒಪ್ಪಿದ್ದ. ರೇಣುಕಾಗೆ ಬೇಕಿದ್ದದ್ದು ಆ ಒಂದು ಡಿಗ್ರಿ. ಬಿ.ಎಡ್. ಮಾಡಿ ಶಾಲೆಯಲ್ಲಿ ಕಲಿಸಬೇಕೆಂಬ ಆಸೆಯನ್ನು ಒಮ್ಮೆ ನನ್ನ ಮುಂದೆ ಹೇಳಿ, ಹೇಳಿದ್ದಕ್ಕೇ ನಾಚಿಕೊಂಡಿದ್ದಳು. ಡಿಗ್ರಿ ಇದ್ದರೆ ಲಗ್ನದ ನಂತರ ಕೇಳಲು ಒಂದು ಮಾತಾದರೂ ಇರುತ್ತದೆ ಎಂಬುದು ಅವಳ ಲೆಕ್ಕ.

ಇಷ್ಟೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಕಾಗದದ ಮೇಲೆ ಇದ್ದದ್ದು ಇಬ್ಬರ ಹೆಸರು, ಒಂದು ಊರು, ಒಂದು ಬಸ್ಸು. ಪಾಟೀಲ ಸರ್ ಭಾಗ್ಯಶ್ರೀಯನ್ನು ಕಳಿಸಿದರು, ಬಸ್ಸಿನ ಪ್ರಕಾರ ಅವಳು ರೇಣುಕಾಳ ಪಾಲಿಗೆ ಬಂದಳು. ಭಾಗ್ಯಶ್ರೀ ಕೂರುವವರೆಗೆ ರೇಣುಕಾ ಕೂರುತ್ತಿರಲಿಲ್ಲ. ಭಾಗ್ಯಶ್ರೀ ಅವಳನ್ನು ಅಣ್ಣನ ಹೆಂಡತಿಯನ್ನು ಕರೆಯುವಂತೆ ವೈನಿ ಎಂದು ಕರೆಯುತ್ತಿದ್ದಳು. ನಮ್ಮ ಕಡೆ ದೂರದ ನಂಟಿನಲ್ಲೂ ಹಾಗೆ ಕರೆಯುವುದು ರೂಢಿ, ಯಾರಿಗೂ ವಿಶೇಷವೆನಿಸಲಿಲ್ಲ.

ಪಾಟೀಲ ಸರ್ ಮೊದಲನೆಯ ವರ್ಷದವರಿಗೆ ಮನೆಯಲ್ಲಿ ಬರೆದು ತರಲು ಒಂದು ವಿಷಯ ಕೊಟ್ಟರು: ಬೇಡಿಕೆ ಮತ್ತು ಬೆಲೆ. ಭಾಗ್ಯಶ್ರೀ ತಂದು ಕೊಟ್ಟದ್ದನ್ನು ಓದುತ್ತ ಅವರು ಒಂದು ಕಡೆ ನಿಂತರು. ಮಳೆಗಾಲ ಹತ್ತಿರವಾದಂತೆ ಕರಿ ಕಂಬಳಿಯ ಬೆಲೆ ಸಂತೆಯಲ್ಲಿ ಹೇಗೆ ಏರುತ್ತದೆ, ಪೇಟೆಯ ಬಣ್ಣದ ಬ್ಲಾಂಕೆಟ್ ಅಗ್ಗಕ್ಕೆ ಬಂದ ವರ್ಷ ಹೇಗೆ ಕುಸಿಯಿತು ಎಂದು ಅದರಲ್ಲಿತ್ತು. ಎರಡು ವರ್ಷದ ಹಿಂದೆ ಅದೇ ಉದಾಹರಣೆಯನ್ನು ರೇಣುಕಾ ಅವರ ತರಗತಿಯಲ್ಲಿ ಎದ್ದು ನಿಂತು ಹೇಳಿದ್ದಳು. ಅವರ ನೆನಪು ಎಂಥದೆಂದು ಹೇಳಿದೆನಲ್ಲ.

ಅವರು ನನ್ನ ಬಳಿ ಬರಲಿಲ್ಲ. ಬಂದಿದ್ದರೆ ಮಾತು ಕೋಣೆಯೊಳಗೇ ಮುಗಿಯುತ್ತಿತ್ತು. ತುಂಬಿದ ತರಗತಿಯಲ್ಲಿ ಭಾಗ್ಯಶ್ರೀಯನ್ನು ಎಬ್ಬಿಸಿ, "ಇದನ್ನ ಬರದಾವ್ರು ಯಾರು?" ಎಂದು ಕೇಳಿದರು.

ಆ ಹುಡುಗಿ ಅಂಜಿದಳು. ಅಂಜಿದವರು ಹೇಳುವುದನ್ನೇ ಹೇಳಿದಳು. "ವೈನಿ ಬರದ ಕೊಟ್ಟಾಳ್ರಿ ಸರ. ನಾ ಬ್ಯಾಡ ಅಂದ್ರೂ ಕೇಳಲಿಲ್ರಿ."

ತರಗತಿ ನಕ್ಕಿತು. ಸರ್ ಪ್ರಾಂಶುಪಾಲರಿಗೆ ಬರೆದು ಕೊಟ್ಟರು. ಕೇಂದ್ರದಲ್ಲಿ ನಕಲು ನಡೆಯುತ್ತದೆ ಎಂದು ಹೊರಗೆ ಹೋದರೆ ಏನು ಗತಿ ಎಂದು ಪ್ರಾಂಶುಪಾಲರು ಗಾಬರಿಯಾದರು. ಸಂಜೆಯೊಳಗೆ ನೋಟೀಸ್ ಬೋರ್ಡಿನಲ್ಲಿ ಇಬ್ಬರ ಹೆಸರೂ ಬಂತು: ಪಾಲಕರನ್ನು ಕರೆತರುವುದು. ತಿಕೋಟಾ ಕಡೆಯ ಬೇರೆ ಹುಡುಗಿಯರೂ ಅದನ್ನು ಓದಿದರು. ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು.

ನಾನು ರೇಣುಕಾಳನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದೆ. "ಪೆನ್ನು ಹಿಡೀಬಾರದು ಅಂತ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ರಿ ಮೇಡಂ."

"ಮತ್ತ?"

"ಆಕಿ ನನ್ನ ನಾದಿನಿ ಆಗಾಕಿ ಐದಾಳ್ರಿ. ಇಲ್ಲಿ ನಾ ಒಲ್ಲೆ ಅಂದ್ರ, ರಾತ್ರಿ ಮನ್ಯಾಗ ಅತ್ತಿ ಮುಂದ 'ವೈನಿಗಿ ಸೊಕ್ಕ ಬಂದೈತಿ, ನನಗ ಹೇಳಿಕೊಡವಲ್ಲಳು' ಅಂತಾಳ್ರಿ. ಒಂದ ಸಲ ಅಂದಾಳ. ಎಂಟ ದಿನ ಯಾರೂ ನನ್ನ ಮಾತಾಡಸಲಿಲ್ರಿ. ಬಸ್ಸಿನ್ಯಾಗ ಕುಂತ ಬರದ ಕೊಟ್ಟೆ."

"ನನಗ್ಯಾಕ ಹೇಳಲಿಲ್ಲ?"

"ಜೋಡಿ ಬದಲ್ ಮಾಡ್ರಿ ಅಂತ ಹ್ಯಾಂಗ ಕೇಳ್ಲಿ? ಯಾಕಂತ ನೀವ ಕೇಳ್ತಿದ್ರಿ. ಮನಿ ಮಾತ ಹೊರಗ ಆಡಿದಂಗ ಆಗತಿತ್ತಲ್ರಿ."

ನಾನು ಎದ್ದು ಪಾಟೀಲ ಸರ್ ಕೋಣೆಗೆ ಹೋದೆ. ಹೇಳಬೇಕಾದದ್ದನ್ನೆಲ್ಲ ನಿಂತೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಬರಹ ನೋಡಿದೆ ಮೇಡಂ. ಅವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳೂದು ನನಗ ಹೊಳೀಲೇ ಇಲ್ಲ" ಎಂದರು. ದೂರು ಹಿಂದಕ್ಕೆ ತೆಗೆದುಕೊಳ್ಳಲು ಕೂಡಲೇ ಎದ್ದರು. ನೋಟೀಸನ್ನು ಅವರೇ ಕೈಯಾರೆ ಕಿತ್ತರು. ಆದರೆ ಮರುದಿನ ಬೀರಪ್ಪ ಬಂದ, ಯಾರ ಮಾತನ್ನೂ ಪೂರ್ತಿ ಕೇಳದೆ ಇಬ್ಬರನ್ನೂ ಕರೆದುಕೊಂಡು ಹೋದ. ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಕೆಲವೇ ವಾರಗಳಿದ್ದವು. ಹಾಜರಿಗೆ ತೊಂದರೆಯಿರಲಿಲ್ಲ, ಫೀಜು ಕಟ್ಟಿ ಆಗಿತ್ತು. ಅವಳು ಬಂದು ಬರೆದರೆ ಸಾಕಿತ್ತು.

ನಾನು ಘೋಣಸಗಿಗೆ ಹೊರಟಾಗ ಪಾಟೀಲ ಸರ್, "ಕೆಡಿಸಿದವ ನಾನು, ನಾನೂ ಬರ್ತೇನಿ" ಎಂದರು. ತಿಕೋಟಾವರೆಗೆ ಬಸ್ಸು, ಅಲ್ಲಿಂದ ಟಂಟಂ. ಮನೆಯ ಮುಂದಿನ ತಗಡಿನ ನೆರಳಲ್ಲಿ ಹೆಂಗಸರು ಒಣದ್ರಾಕ್ಷಿ ಹಸನು ಮಾಡುತ್ತಿದ್ದರು. ರೇಣುಕಾಳೂ ಅವರಲ್ಲಿ ಕೂತಿದ್ದಳು. ನಮ್ಮನ್ನು ಕಂಡು ಎದ್ದು ಒಳಗೆ ಹೋದಳು. ಬೀರಪ್ಪ ಕಂಬಳಿ ಹಾಸಿದ. ಅವನ ಹೆಂಡತಿ ಕಾಶವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಭಾಗ್ಯಶ್ರೀ ಅವಳ ಹಿಂದೆ ಇದ್ದಳು.

ಸರ್ ಮನಸ್ಸಿನಲ್ಲಿ ಇದ್ದುದನ್ನೆಲ್ಲ ಒಮ್ಮೆಗೇ ಹೇಳಿದರು. "ಬೀರಪ್ಪನೋರ, ತಪ್ಪು ನಂದೈತಿ. ರೇಣುಕಾಂದು ಏನೂ ತಪ್ಪಿಲ್ಲ. ನಿಮ್ಮ ಸೊಸಿಯಂಥಾ ಶಾಣ್ಯಾ ಹುಡುಗಿ ನನ್ನ ಕ್ಲಾಸಿನ್ಯಾಗ ಮತ್ತೊಬ್ಬಾಕಿ ಇಲ್ಲ. ಇಬ್ಬರ ಕೆಲಸ ಒಬ್ಬಾಕಿನ ಮಾಡ್ಯಾಳಂದ್ರ ನೋಡ್ರಿ! ಆಕಿ ಪರೀಕ್ಷಾ ಬರದ್ರ ಕಾಲೇಜಿಗೇ ಫಸ್ಟ್ ಬರ್ತಾಳ."

ನಾನು ಅವರ ಕಡೆ ನೋಡಿದೆ, ಅವರು ನನ್ನ ಕಡೆ ನೋಡಲಿಲ್ಲ. ಕಾಲೇಜಿನಲ್ಲಿ ಹೊಗಳಿಕೆಯಿಂದ ಕೆಲಸಗಳು ಆಗುತ್ತವೆ. ಆ ಬಾಗಿಲಿನಲ್ಲಿ ನಿಂತ ತಾಯಿಗೆ ಅದು ಹೇಗೆ ಕೇಳಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಾರ ನನ್ನ ಮಗಳು ದಡ್ಡಿ ಅಂತ ಹೇಳಾಕ ಇಷ್ಟ ದೂರ ಬಂದೀರೇನ್ರಿ ಸರ?"

"ಹಂಗಲ್ರಿ ಯವ್ವಾ..."

"ಮತ್ತ ಹ್ಯಾಂಗ್ರಿ? ತುಂಬಿದ ಸಾಲ್ಯಾಗ ನಿಲ್ಲಿಸಿ ನಗಿಸಿದ್ದು ಸಾಲಲಿಲ್ಲ, ಈಗ ಊರ ಹೆಂಗಸರ ಮುಂದ ಹೇಳಾಕತ್ತೀರಿ. ನಾಳೆ ನನ್ನ ಮಗಳ್ನ ನೋಡಾಕ ಬಂದಾವ್ರು, ಆಕಿ ವೈನಿ ಬರದ ಕೊಟ್ರ ಪಾಸಾಗಾಕಿ ಅಂದ್ರ ಯಾರ ಮುಂದ ಹೋಗಿ ಅಳ್ಲಿ?" ಆಮೇಲೆ ಒಳಗೆ ತಿರುಗಿ ದನಿ ಏರಿಸಿದಳು. "ಕೇಳಿದಿ ಏನ ಬೇ ರೇಣೀ? ನೀ ಬಾಳ ಶಾಣ್ಯಾಕಿ ಅಂತ!"

ಬೀರಪ್ಪ ಹೆಂಡತಿಯನ್ನು ಸುಮ್ಮನಾಗಿಸಿ ನನ್ನ ಕಡೆ ತಿರುಗಿದ. "ಅಕ್ಕಾರ, ಹಿರ್ಯಾರು ಮನಿಗೆ ಬಂದೀರಿ, ಚಹಾ ಕುಡೀರಿ. ಪರೀಕ್ಷಾ ಮಾತ ಬ್ಯಾಡ. ನನ್ನ ಮಗಳು ಮನ್ಯಾಗ ಕುಂತಾಳ. ಈಕಿ ಒಬ್ಬಾಕಿ ಬಸ್ಸಿಗಿ ಹ್ಯಾಂಗ ಹೋಗಬೇಕು?"

ನನ್ನ ಜನ್ಮದಲ್ಲಿ ಪರರ ಮನೆಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಪರೀಕ್ಷೆ ಮುಗಿಯುವವರೆಗೆ ನನ್ನ ಮನೆಯಲ್ಲಿರಲಿ, ನಾನೇ ಕರೆದೊಯ್ದು ನಾನೇ ತಂದು ಬಿಡುತ್ತೇನೆ, ನಾನೂ ಇದೇ ಸೀಮೆಯ ಹಳ್ಳಿಯವಳು, ವಿಧವೆ, ನನ್ನ ಮೇಲೆ ಮಾತು ಬರುವುದಿಲ್ಲ ಎಂದೆ. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ. "ನಿಶ್ಚೆ ಆದ ಹುಡುಗಿನ ಮಂದಿ ಮನ್ಯಾಗ ಇಡಾಕ ಬರಾಂಗಿಲ್ರಿ ಅಕ್ಕಾರ. ನಿಮಗ ಗೊತ್ತಿಲ್ಲದ್ದೇನೈತಿ?" ಎಂದ. ಗೊತ್ತಿತ್ತು.

ಚಹಾ ತಂದವಳು ರೇಣುಕಾ. ಬಗ್ಗಿ ಕಪ್ಪು ಕೊಡುವಾಗ ನನಗಷ್ಟೇ ಕೇಳುವಂತೆ, "ಸರ್ ನನ್ನ ಹೊಗಳಬಾರದಿತ್ರಿ ಮೇಡಂ" ಎಂದಳು. ಹೊರಗೆ ಬಂದ ಮೇಲೆ ಸರ್, "ಆಕಿ ಏನಂದ್ಲು?" ಎಂದು ಕೇಳಿದರು. ಅವರಿಗೆ ನಾನು ಹೇಳಲಿಲ್ಲ.

ಪರೀಕ್ಷೆಯ ದಿನ ಅವಳ ಜಾಗ ಖಾಲಿ ಇತ್ತು. ಆ ಕೋಣೆಯ ಮೇಲ್ವಿಚಾರಣೆ ಪಾಟೀಲ ಸರ್ ಪಾಲಿಗೇ ಬಂದಿತ್ತು. ಗೈರುಹಾಜರಿಯ ಗುರುತನ್ನು ಅವರೇ ಹಾಕಬೇಕಾಯಿತು. ಸಮಯ ಕಳೆಯುವವರೆಗೆ ಬಾಗಿಲ ಕಡೆ ನೋಡುತ್ತ ನಿಂತಿದ್ದರೆಂದು ಶಬಾನಾ ಮೇಡಂ ಆಮೇಲೆ ಹೇಳಿದರು. ಮುಂದಿನ ತಿಂಗಳು ಲಗ್ನವಾಯಿತು.

ಅಲ್ಲಿಂದ ಕೇಂದ್ರದ ರೀತಿ ಬದಲಾಯಿತು. ಬಸ್ಸಿನ ಜೋಡಿ ನಿಲ್ಲಿಸಿದೆವು. ಹೇಳಿಕೊಡುವವಳನ್ನೂ ಕೇಳಲು ಬಂದವಳನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ನಿಮ್ಮಿಬ್ಬರಿಗೆ ಮನೆಯಲ್ಲಿ ಏನು ನಂಟು ಎಂದು ನಾನು ಕೇಳುತ್ತಿದ್ದೆ. ಜೋಡಿ ಬೇಡವೆಂದರೆ ಕಾರಣ ಕೇಳುತ್ತಿರಲಿಲ್ಲ. ಪಾಟೀಲ ಸರ್ ಮತ್ತೆಂದೂ ತರಗತಿಯಲ್ಲಿ ಹೆಸರು ಓದಲಿಲ್ಲ. ಬರಹದ ಮೇಲೆ ಸಂಶಯ ಬಂದರೆ ಸಂಜೆ ನನ್ನ ಬಳಿ ಬಂದು ಮೆಲ್ಲಗೆ ಹೇಳುತ್ತಿದ್ದರು. ನಾವಿಬ್ಬರೂ ಆ ಹುಡುಗಿಯನ್ನು ಕೂರಿಸಿ, ನೀನು ಬರೆದದ್ದನ್ನು ಬಾಯಲ್ಲಿ ಹೇಳು ಎನ್ನುತ್ತಿದ್ದೆವು. ಅಷ್ಟರಲ್ಲಿ ಎಲ್ಲ ತಿಳಿಯುತ್ತಿತ್ತು, ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ಸುಲಭವಿತ್ತು ಅದು.

ಮರುವರ್ಷ ಭಾಗ್ಯಶ್ರೀ ಕಾಲೇಜಿಗೆ ತಿರುಗಿ ಬಂದಳು. ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಬಿ.ಎ. ಆಗಲಿ ಎಂದಿದ್ದರಂತೆ. ಊರಿನ ಮತ್ತೊಬ್ಬ ಹುಡುಗಿ ಬಸ್ಸಿಗೆ ಜೊತೆಯಾಗಿದ್ದಳು. ನನ್ನನ್ನು ಕಂಡರೆ ಮೊದಮೊದಲು ದೂರ ಸರಿಯುತ್ತಿದ್ದವಳು ಒಂದು ದಿನ ತಾನಾಗಿಯೇ ಬಂದು, "ಈಗ ನಾನ ಬರೀತೇನ್ರಿ ಮೇಡಂ. ವೈನಿ ರೊಟ್ಟಿ ಬಡಕೋತ ಹೇಳ್ತಾಳ, ನಾ ಒಲಿ ಮುಂದ ಕುಂತ ಬರಕೋತೇನಿ. ಪೆನ್ನ ಮುಟ್ಟಾಂಗಿಲ್ರಿ ಆಕಿ" ಎಂದಳು. ಅವಳ ಮುಖದಲ್ಲಿ ವಂಚನೆ ಇರಲಿಲ್ಲ. ನಾನು ಅವಳ ಕೈಯಲ್ಲಿ ರೇಣುಕಾಗೆ ಮಾತು ಹೇಳಿ ಕಳಿಸುತ್ತಿದ್ದೆ: ಪರೀಕ್ಷೆ ಬರಿ, ಬಾ. "ಹೇಳ್ತೇನ್ರಿ" ಎನ್ನುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ರೇಣುಕಾ ಬಸುರಿ ಎಂದು ಒಂದು ವರ್ಷ, ಕೂಸು ಚಿಕ್ಕದು ಎಂದು ಇನ್ನೊಂದು ವರ್ಷ ಕೇಳಿದೆ.

ಭಾಗ್ಯಶ್ರೀ ಒಳ್ಳೆಯ ಅಂಕ ಪಡೆದು ಪಾಸಾದಳು. ನಾನು ನಿವೃತ್ತಳಾಗುವ ವಾರ ಪೇಢೆ ತಂದುಕೊಟ್ಟು ಕಾಲಿಗೆ ನಮಸ್ಕರಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ನೆನಪಿಸಿಕೊಂಡಳು.

"ಮೇಡಂ, ವೈನಿ ಒಂದ ಮಾತ ಕೇಳಂದಿದ್ಲ್ರಿ. ಆಕೀದು ಉಳದ ಪರೀಕ್ಷಾ ಬರ್ಯಾಕ ಇನ್ನಾ ಎಷ್ಟ ದಿನಾ ಐತಿ ಅಂತ. ಅಣ್ಣ ಹೂಂ ಅಂದಾನಂತ್ರಿ."

ರೇಣುಕಾ ಓದಿದ್ದ ಹಳೆಯ ಪಠ್ಯಕ್ರಮದವರಿಗೆ ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಅವಕಾಶ, ಭಾಗ್ಯಶ್ರೀ ಈಗಷ್ಟೇ ಪಾಸಾಗಿ ಬಂದ ಆ ಪರೀಕ್ಷೆಯ ಜೊತೆಗೇ ಮುಗಿದಿತ್ತು.

"ಇದನ್ನ ಆಕಿ ಯಾವಾಗ ಕೇಳಂದ್ಲು?"

"ಎಳ್ಳಮವಾಸಿ ಮುಂದ ಅಂದಿದ್ಲ್ರಿ. ನನ್ನ ಅಭ್ಯಾಸದ ಗದ್ದಲದಾಗ ಮರ್ತಬಿಟ್ಟಿದ್ನಿರಿ ಮೇಡಂ."

ಎಳ್ಳಮವಾಸ್ಯೆಗೆ ಫಾರ್ಮು ತುಂಬಲು ಇನ್ನೂ ದಿನಗಳಿದ್ದವು. ಭಾಗ್ಯಶ್ರೀ ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು. ಅದನ್ನು ಅವಳ ಕೈಯಲ್ಲಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾನೇ ಘೋಣಸಗಿಗೆ ಹೋಗಿ ಹೇಳಿದೆ. ರೇಣುಕಾ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿ, "ಹೌದೇನ್ರಿ" ಎಂದಳು.

ಸ್ನೇಹಾ, ನಿನ್ನ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೋ. ಒಬ್ಬೊಬ್ಬರನ್ನೇ ಕರೆದು ಮಾತಾಡು, ಆಮೇಲೆ ಕಳಿಸು, ಕಳಿಸಿದ ಮೇಲೆ ನೀನೂ ಹೋಗಿ ಅಲ್ಲಿ ಕೂರು. ವಿನಾಯಕ, ನೀನು ಹೋದಲ್ಲಿಯೂ ಹೀಗೆಯೇ ಮಾಡು. ಪಾಸಾದವರ ಯಾವ ಪಟ್ಟಿಯಲ್ಲೂ ರೇಣುಕಾಳ ಹೆಸರಿಲ್ಲ, ಬರೆದಿಟ್ಟವಳು ನಾನೊಬ್ಬಳೇ. ಈ ಹಾಳೆಗಳಿಗೆ ಗೆದ್ದಲು ಹತ್ತದಂತೆ, ಮಳೆ ನೀರು ತಾಗದಂತೆ ನೋಡಿಕೊಳ್ಳಿರಿ. ನಿಮ್ಮ ಮನೆ ಬದಲಾದರೆ ಪಾತ್ರೆ ಪಗಡದ ಜೊತೆ ಇವನ್ನೂ ಒಯ್ಯಿರಿ.